ತಗಡು ಒಂದೋ ಎರಡೋ: ಮುಟ್ಟದೆ, ಶಬ್ದದಲ್ಲೇ ಎಣಿಸುವ ಪೆಟ್ಟಿಗೆ ಕಟ್ಟಿದ್ದು

ಲೋಹದ ಹಾಳೆಯನ್ನು ಅಚ್ಚಿನಲ್ಲಿ ಒತ್ತುವ ಪವರ್ ಪ್ರೆಸ್ಸಿನ ಬಾಯಿಗೆ ಒಂದರ ಬದಲು ಎರಡು ತಗಡು ಹೋದರೆ ಬರುವ ಸದ್ದೇ ಬೇರೆ. ದಿನವೂ ಕೇಳುವ ದಡ್ ಎನ್ನುವ ಏಟಿನೊಳಗೆ ಕಟಕ್ ಎಂದು ಇನ್ನೊಂದು ಒರಟು ಸದ್ದು ಸೇರಿಕೊಂಡಿರುತ್ತದೆ. ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಭಾವನದೊಂದು ಶೆಡ್ ಇದೆ, ಮೂರು ಪ್ರೆಸ್ಸುಗಳದ್ದು. ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ನಿಂತಿದ್ದಾಗ ಆ ಸದ್ದು ಕೇಳಿತು. ಮೇಸ್ತ್ರಿ ಮೋಟಾರ್ ಆಫ್ ಮಾಡಿ, ಫ್ಲೈವೀಲ್ ನಿಲ್ಲುವವರೆಗೆ ಕಾದು, ಟಾರ್ಚ್ ಬಿಟ್ಟು ನೋಡಿ, "ಪಂಚಿನ ಮೂಲೆ ಹೋಯ್ತು ಸಾರ್" ಎಂದರು. ಪಂಚ್ ಅಂದರೆ ತಗಡನ್ನು ಒತ್ತುವ ಅಚ್ಚಿನ ಮೇಲ್ಭಾಗ. ಸರಿಮಾಡಲು ಟೂಲ್ ರೂಮಿನಲ್ಲಿ ನಾಲ್ಕು ದಿನದ ಕೆಲಸ. ಭಾವ ಏನೂ ಮಾತಾಡಲಿಲ್ಲ, ಟೀ ಲೋಟ ಅಲ್ಲೇ ಇಟ್ಟು ಒಳಗೆ ಹೋದರು.

ಆಗುವುದು ಹೀಗೆ. ತುಕ್ಕು ಹಿಡಿಯದಿರಲಿ ಎಂದು ತಗಡಿಗೆ ಎಣ್ಣೆ ಸವರಿರುತ್ತಾರೆ. ಗೇಟಿನಷ್ಟು ಎತ್ತರ ಪೇರಿಸಿದಾಗ ಮೇಲಿನ ತೂಕಕ್ಕೆ ಎಣ್ಣೆ ತೆಳ್ಳಗೆ ಹರಡಿ ಎರಡು ತಗಡು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹುಡುಗರು ದಿನಕ್ಕೆ ಸಾವಿರಗಟ್ಟಲೆ ತಗಡು ಎಳೆದು ಟೇಬಲ್ಲಿಗೆ ಜಾರಿಸುವಾಗ ಒಂದು ಜೋಡಿ ತಪ್ಪಿಸಿಕೊಂಡರೆ ಸಾಕು. ಇದಕ್ಕೆ ಸಿದ್ಧ ಸೆನ್ಸರುಗಳು ಮಾರುಕಟ್ಟೆಯಲ್ಲಿವೆ. ಅಯಸ್ಕಾಂತದ ಮೇಲೆ ನಡೆಯುವವು ಸಿಆರ್ (ಕೋಲ್ಡ್ ರೋಲ್ಡ್ ಉಕ್ಕು) ಶೀಟಿಗೆ ಆಗುತ್ತವೆ, 304 ದರ್ಜೆಯ ಸ್ಟೇನ್‌ಲೆಸ್‌ಗೂ ಅಲ್ಯೂಮಿನಿಯಂಗೂ ಆಗುವುದಿಲ್ಲ. ಭಾವನಿಗೆ ಮೂರೂ ಬರುತ್ತವೆ, ಹೆಚ್ಚಾಗಿ 1 ಮಿ.ಮೀ. ದಪ್ಪದವು. "ನೀನು ಏನೇನೋ ಕಟ್ತಿರ್ತೀಯಲ್ಲ, ಇದಕ್ಕೊಂದು ದಾರಿ ನೋಡು" ಎಂದರು. ತಗಡಿನ ಮೇಲೆ ಎಣ್ಣೆ, ಗೀರು ಬೀಳಬಾರದು, ನಿಲ್ಲಿಸಿ ಅಳೆಯಲು ಪುರುಸೊತ್ತಿಲ್ಲ. ಹಾಗಾಗಿ ಮುಟ್ಟದೆ ಅಳೆಯಬೇಕು. ಶಬ್ದದಿಂದ ಆಗುತ್ತದೆಯೇ ನೋಡೋಣ ಎಂದು ಹೊರಟೆ.

ಲೆಕ್ಕ ಹಾಕಿದ ಮೊದಲ ರಾತ್ರಿ ಉತ್ಸಾಹ ಇಳಿದುಹೋಯಿತು. ಸಾಂದ್ರತೆಯನ್ನು ಶಬ್ದದ ವೇಗದಿಂದ ಗುಣಿಸಿದರೆ ಆ ವಸ್ತು ಶಬ್ದಕ್ಕೆ ಒಡ್ಡುವ ತಡೆ ಸಿಗುತ್ತದೆ. ಗಾಳಿಗೆ ಅದು ಸುಮಾರು 413. ಉಕ್ಕಿಗೆ 4.6 ಕೋಟಿ. ಇಷ್ಟು ಅಜಗಜಾಂತರವಿದ್ದರೆ ಗಾಳಿಯಲ್ಲಿ ಬಂದ ಶಬ್ದ ಉಕ್ಕಿನ ಗೋಡೆಗೆ ಬಡಿದು ಹಿಂದಕ್ಕೇ ಹೋಗುತ್ತದೆ. ಒಳಗೆ ಹೊಕ್ಕುವ ಶಕ್ತಿ ಸುಮಾರು 28 ಸಾವಿರದಲ್ಲಿ ಒಂದು ಪಾಲು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಮುಂಚೆ ಹೊಟ್ಟೆಗೆ ಜೆಲ್ ಹಚ್ಚುವುದು, ವೆಲ್ಡಿಂಗ್ ಪರೀಕ್ಷೆಯವರು ಪ್ರೋಬಿನ ಕೆಳಗೆ ಗ್ರೀಸ್ ಸವರುವುದು, ಎಲ್ಲ ನಡುವಿನ ಗಾಳಿಯನ್ನು ಓಡಿಸುವುದಕ್ಕೇ. ನಾನು ಹೊರಟಿದ್ದು ಆ ಗಾಳಿಯನ್ನೇ ನಂಬಿಕೊಂಡು.

ಆದರೆ ತಗಡು ಗೋಡೆಯಲ್ಲ, ಬಾಗುತ್ತದೆ. ಅದರ ಮೈಮೇಲೆ ಬಾಗುವಿಕೆಯ ಅಲೆ (ಬಾಗಲೆ ಎನ್ನೋಣ) ಓಡುತ್ತದೆ, ಒಗೆದ ಪಂಚೆಯನ್ನು ಕೊಡವಿದಾಗ ಓಡುವ ಅಲೆಯ ಹಾಗೆ. ಹಾಳೆಯಂಥ ಘನವಸ್ತುವಿನಲ್ಲಿ ಓಡುವ ಇಂಥ ಅಲೆಗಳ ಗಣಿತವನ್ನು ಹೊರೇಸ್ ಲ್ಯಾಂಬ್ 1917ರಲ್ಲಿ ಬಿಡಿಸಿಟ್ಟಿದ್ದಾನೆ. 1 ಮಿ.ಮೀ. ಉಕ್ಕಿನ ತಗಡಿನಲ್ಲಿ, ಕಿವಿಗೆ ಕೇಳದಷ್ಟು ಎತ್ತರದ ಸ್ವರವಾದ 40 ಕಿಲೋಹರ್ಟ್ಸ್‌ನಲ್ಲಿ, ಬಾಗಲೆಯ ವೇಗ ಸೆಕೆಂಡಿಗೆ 600 ಮೀಟರಿನ ಆಸುಪಾಸು. ಗಾಳಿಯ ಶಬ್ದದ್ದು 346. ಈಗ ಶಬ್ದವನ್ನು ತಗಡಿನ ಮೇಲೆ ಓರೆಯಾಗಿ ಬಿಟ್ಟರೆ ಅದರ ಅಲೆಸಾಲು ತಗಡಿನ ಉದ್ದಕ್ಕೂ ಗುಡಿಸಿಕೊಂಡು ಹೋಗುತ್ತದೆ. ಎಷ್ಟು ಓರೆ ಎನ್ನುವುದರ ಮೇಲೆ ಗುಡಿಸುವ ವೇಗ. ಅದು ಬಾಗಲೆಯ ವೇಗಕ್ಕೆ ಸರಿಯಾಗಿ ಹೊಂದಿದರೆ ತಗಡು ಶಬ್ದವನ್ನು ಹತ್ತಿಸಿಕೊಳ್ಳುತ್ತದೆ. ಓಡುವ ಬಸ್ಸಿನ ಜೊತೆಗೆ ಅದೇ ವೇಗದಲ್ಲಿ ಓಡಿ ಫುಟ್‌ಬೋರ್ಡ್ ಹಿಡಿದ ಹಾಗೆ. ತೆಳುಗೋಡೆಗಳ ಮೂಲಕ ಸದ್ದು ಹಾಯುವ ಬಗ್ಗೆ ಕೆಲಸ ಮಾಡುತ್ತಿದ್ದ ಲೋಥರ್ ಕ್ರೆಮರ್ 1942ರಲ್ಲಿ ವಿವರಿಸಿದ್ದು ಇದನ್ನೇ. 346ನ್ನು 600ರಿಂದ ಭಾಗಿಸಿ ಸೈನ್ ಲೆಕ್ಕದಿಂದ ಕೋನ ತೆಗೆದರೆ, ತಗಡಿಗೆ ಲಂಬವಾದ ಗೆರೆಯಿಂದ 35 ಡಿಗ್ರಿ. ಸುಮಾರು 12 ಕಿಲೋಹರ್ಟ್ಸ್‌ಗಿಂತ ಕೆಳಗೆ ಈ 1 ಮಿ.ಮೀ. ತಗಡಿನ ಬಾಗಲೆ ಗಾಳಿಯ ಶಬ್ದಕ್ಕಿಂತ ನಿಧಾನ, ಹಾಗಾಗಿ ಅಲ್ಲಿ ಯಾವ ಕೋನವೂ ಕೆಲಸಕ್ಕೆ ಬಾರದು. ಅಗ್ಗದ 40 ಕಿಲೋಹರ್ಟ್ಸ್ ಸೆನ್ಸರ್ ಆ ಗಡಿಯ ಮೇಲೆ ಆರಾಮಾಗಿ ಕೂರುತ್ತದೆ.

ಇನ್ನೊಂದು ಅದೃಷ್ಟ ಲೆಕ್ಕ ಮುಗಿದ ಮೇಲೆ ಕಣ್ಣಿಗೆ ಬಿತ್ತು. ಬಾಗಲೆಯ ವೇಗ ನಿಂತಿರುವುದು ಬಿಗಿಯನ್ನು (ಬಾಗದಂತೆ ಒಡ್ಡುವ ತಡೆ) ಸಾಂದ್ರತೆಯಿಂದ ಭಾಗಿಸಿದ ಲೆಕ್ಕದ ಮೇಲೆ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟು ಬಿಗಿ, ಸಾಂದ್ರತೆಯೂ ಮೂರನೇ ಒಂದರಷ್ಟೇ. ಭಾಗಿಸಿದರೆ ಎರಡೂ ಒಂದೇ. ಅಂದರೆ ಸಿಆರ್, ಎಸ್‌ಎಸ್ (ಸ್ಟೇನ್‌ಲೆಸ್), ಅಲ್ಯೂಮಿನಿಯಂ ಮೂರಕ್ಕೂ ಸೆನ್ಸರ್ ಹಿಡಿಯುವ ಒಂದೇ ಬ್ರಾಕೆಟ್ಟು, ಒಂದೇ ಕೋನ! ದಪ್ಪ ಬದಲಾದರೆ ಮಾತ್ರ ಕೋನ ಬದಲು: 0.8ಕ್ಕೆ 40 ಡಿಗ್ರಿ, 1.2ಕ್ಕೆ 32, 2 ಮಿ.ಮೀ.ಗೆ 25ರ ಸುತ್ತಮುತ್ತ.

ಶನಿವಾರ ಎಸ್‌ಪಿ ರೋಡಿಗೆ ಹೋಗಿ 16 ಮಿ.ಮೀ. ಅಲ್ಯೂಮಿನಿಯಂ ಡಬ್ಬಿಯ ಸೆನ್ಸರ್ ಹತ್ತು ಜೊತೆ ತಂದೆ. ಟಿ ಎಂದು ಬರೆದದ್ದು ಕೂಗುತ್ತದೆ, ಆರ್ ಎಂದು ಬರೆದದ್ದು ಕೇಳುತ್ತದೆ. ಹತ್ತು ಜೊತೆ ಯಾಕೆಂದರೆ ಎಲ್ಲದರ ಮೇಲೂ 40 ಎಂದು ಬರೆದಿದ್ದರೂ ಒಂದು 39.7ರಲ್ಲಿ ಜೋರು, ಇನ್ನೊಂದು 40.6ರಲ್ಲಿ. ಇವುಗಳ ಶ್ರುತಿ ಎಷ್ಟು ಇಕ್ಕಟ್ಟೆಂದರೆ ಅರ್ಧ ಕಿಲೋಹರ್ಟ್ಸ್ ತಪ್ಪಿದರೂ ಸಿಗ್ನಲ್ ಸೊರಗುತ್ತದೆ. ಒಂದೊಂದನ್ನೇ 39ರಿಂದ 41.5ರವರೆಗೆ ಓಡಿಸಿ, ಮೈಮೇಲೆ ಪೆನ್ನಿನಲ್ಲಿ ನಂಬರ್ ಬರೆದು, ಹೊಂದುವ ಎರಡು ಜೋಡಿ ಆರಿಸಿದೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಇದನ್ನು ಬಿಟ್ಟು ಮುಂದೆ ಹೋಗಿದ್ದರೆ ಆಮೇಲೆ ವಾರವೇ ಹೋಗುತ್ತಿತ್ತು.

ಸರ್ಕ್ಯೂಟ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪುಟ್ಟ ಕಂಪ್ಯೂಟರಿನಂಥ, ನೀಲಿ ಬಣ್ಣದ ಅಗ್ಗದ ಎಸ್‌ಟಿಎಂ32 ಬೋರ್ಡು, ಅದರ 72 ಮೆಗಾಹರ್ಟ್ಸ್ ಗಡಿಯಾರವನ್ನು 1800ರಿಂದ ಭಾಗಿಸಿದರೆ ಸರಿಯಾಗಿ 40 ಕಿಲೋಹರ್ಟ್ಸ್. ಟಿಸಿ4428 ಎಂಬ ಚಿಪ್ಪಿನಲ್ಲಿ ಒಂದು ನೇರ, ಒಂದು ತಲೆಕೆಳಗು ಡ್ರೈವರ್ ಇರುತ್ತವೆ. ಸೆನ್ಸರಿನ ಎರಡು ಕಾಲನ್ನು ಅವೆರಡಕ್ಕೂ ಕೊಟ್ಟರೆ 12 ವೋಲ್ಟಿನಿಂದಲೇ 24 ವೋಲ್ಟಿನ ತೂಗಾಟ ಸಿಗುತ್ತದೆ. ಹದಿನಾರು ಅಲೆಗಳ ಒಂದು ಕೂಗು. ಕೇಳುವ ಕಡೆ ಟಿಎಲ್072 ಆಂಪ್ಲಿಫೈಯರಿನ ಎರಡು ಹಂತ, ಒಟ್ಟು 1500 ಪಟ್ಟು ಹಿಗ್ಗಿಸುತ್ತದೆ, ಕೊನೆಯಲ್ಲಿ, ಸಿಗ್ನಲನ್ನು ಅಂಕಿಯಾಗಿಸುವ ಎಡಿಸಿಗೆ ಪೆಟ್ಟಾಗದಂತೆ ಎರಡು ಡಯೋಡ್. ಎಡಿಸಿಯನ್ನು 160 ಕಿಲೋಹರ್ಟ್ಸ್‌ನಲ್ಲಿ ಓಡಿಸಿದೆ, ಒಂದು ಅಲೆಗೆ ಸರಿಯಾಗಿ ನಾಲ್ಕು ಅಳತೆ. ಒಂದನೆಯದರಿಂದ ಮೂರನೆಯದನ್ನು, ಎರಡನೆಯದರಿಂದ ನಾಲ್ಕನೆಯದನ್ನು ಕಳೆದು, ಎರಡೂ ವ್ಯತ್ಯಾಸಗಳ ವರ್ಗ ಕೂಡಿಸಿ ಮೂಲ ತೆಗೆದರೆ ಸಿಗ್ನಲಿನ ಎತ್ತರ. ಇದರಲ್ಲಿ ಒಂದು ಅನುಕೂಲವಿದೆ: ಬೆಳಿಗ್ಗೆ 20 ಡಿಗ್ರಿ, ಮಧ್ಯಾಹ್ನ ಶೀಟ್ ಚಾವಣಿಯ ಕೆಳಗೆ 35 ಡಿಗ್ರಿ ಆದರೆ ಗಾಳಿಯಲ್ಲಿ ಶಬ್ದದ ವೇಗ 343ರಿಂದ 352ಕ್ಕೆ ಏರಿ, ಅಲೆ ಕಾಲು ಭಾಗಕ್ಕಿಂತ ಹೆಚ್ಚು ಮುಂಚೆ ಬರುತ್ತದೆ. ಎತ್ತರವನ್ನು ಹೀಗೆ ತೆಗೆದರೆ ಆ ಸರಿದಾಟ ಲೆಕ್ಕಕ್ಕೇ ಬರುವುದಿಲ್ಲ.

ಟಿ ಕೆಳಗೆ, ಆರ್ ಮೇಲೆ, ನಡುವೆ ತಗಡು. ಎರಡಕ್ಕೂ 35 ಡಿಗ್ರಿ ಓರೆ. ಎರಡನ್ನೂ ಅಲ್ಯೂಮಿನಿಯಂ ಪಟ್ಟಿಯ ಸಿ ಆಕಾರದ ಚೌಕಟ್ಟಿಗೆ ಬಿಗಿದು, ಮನೆಯ ಊಟದ ಮೇಜಿನ ಮೇಲೆ ಇಟ್ಟೆ. 300 ಮಿ.ಮೀ. ಚೌಕದ ತಗಡು ತೂರಿಸಿದೆ. ಪರದೆಯ ಮೇಲಿನ ಓದು, ಅಂದರೆ ಸಿಗ್ನಲಿನ ಎತ್ತರ, 900. ಖುಷಿಯಾಗಿ ಭಾವನಿಗೆ ಫೋನ್ ಕೂಡ ಮಾಡಿಬಿಟ್ಟೆ.

ಎರಡು ತಗಡು ಇಟ್ಟೆ. 870!

ಮೂರು ಇಟ್ಟೆ, 880. ತಗಡು ತೆಗೆದು ಆ ಜಾಗದಲ್ಲಿ ನಾಲ್ಕು ಮಡಿಕೆಯ ಕಂಬಳಿ ಇಟ್ಟೆ. ಆಗಲೂ 800ರ ಮೇಲೆ. ಕಂಬಳಿ ದಾಟಿ 40 ಕಿಲೋಹರ್ಟ್ಸ್ ಬರುವ ಮಾತೇ ಇಲ್ಲ. ಅಂದರೆ ನಾನು ಇಷ್ಟು ಹೊತ್ತು ಅಳೆಯುತ್ತಿದ್ದದ್ದು ತಗಡನ್ನೇ ಅಲ್ಲ. ಸುಮ್ಮನೆ ಚೌಕಟ್ಟಿನ ಮೇಲೆ ಬೆರಳಿಟ್ಟೆ, ಓದು 500ಕ್ಕೆ ಇಳಿಯಿತು. ಕಳ್ಳ ಸಿಕ್ಕಿಬಿದ್ದ. ಟಿಯ ನಡುಕ ಬೋಲ್ಟಿನ ಮೂಲಕ ಚೌಕಟ್ಟಿಗೆ ಇಳಿದು, ಅಲ್ಲಿಂದ ಸುತ್ತಿಕೊಂಡು ಆರ್‌ಗೆ ಏರುತ್ತಿತ್ತು. ತಗಡು ದಾಟಿ ಬರುವ ಶಬ್ದ ಸಾವಿರದಲ್ಲಿ ಒಂದೆರಡು ಪಾಲಾದಾಗ, ಹಿತ್ತಲ ಬಾಗಿಲಿನಿಂದ ನೂರರಲ್ಲಿ ಒಂದು ಪಾಲು ನುಸುಳಿದರೂ ಅದೇ ಯಜಮಾನ.

ಅಲ್ಲಿಂದ ಮುಂದೆ ಈ ಕೆಲಸದ ಸ್ವರೂಪವೇ ಬದಲಾಯಿತು. ಶಬ್ದವನ್ನು ತಗಡಿನಿಂದ ಹಾಯಿಸುವುದು ಹೇಗೆ ಎನ್ನುವ ಚಿಂತೆ ಬಿಟ್ಟೆ. ಬೇರೆ ಎಲ್ಲೆಲ್ಲಿಂದ ಬರುತ್ತಿದೆ ಎಂದು ಹುಡುಕಿ ಮುಚ್ಚುವುದೇ ಕೆಲಸವಾಯಿತು. ಪ್ರತಿ ಬದಲಾವಣೆಯ ನಂತರ ಮೊದಲು ಕಂಬಳಿ ಇಟ್ಟು ನೋಡುವುದು, ಅದು ಸೊನ್ನೆಯ ಹತ್ತಿರ ಬರದೆ ತಗಡು ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಂಡೆ.

ಚೌಕಟ್ಟಿಗೆ ಮದ್ದು ಹವಾಯಿ ಚಪ್ಪಲಿಯಂಥ ಮೆತ್ತನೆಯ ಫೋಮ್ ಹಾಳೆ. ಅದರಲ್ಲಿ 16 ಮಿ.ಮೀ. ತೂತು ಕೊರೆದು ಸೆನ್ಸರನ್ನು ಅದರೊಳಗೆ ತುರುಕಿ, ಲೋಹ ಲೋಹಕ್ಕೆ ಎಲ್ಲೂ ತಾಗದಂತೆ ಮಾಡಿದೆ. ವೈರನ್ನೂ ಸಡಿಲ ಬಿಡಬೇಕು, ಬಿಗಿಯಾಗಿ ಎಳೆದು ಕಟ್ಟಿದರೆ ಅದೇ ಸೇತುವೆ. ಕಂಬಳಿ ಓದು 800ರಿಂದ 90ಕ್ಕೆ. ಉಳಿದ 90ರಲ್ಲಿ ಹೆಚ್ಚಿನದು ವಿದ್ಯುತ್ತಿನದು: ಟಿಯ 24 ವೋಲ್ಟ್ ಗಾಳಿಯಲ್ಲೇ ಹಾರಿ ಆರ್‌ನ ತಂತಿಗೆ ತಗಲುತ್ತಿತ್ತು. ಆರ್‌ಗೆ ಮೈಕಿನ ಶೀಲ್ಡ್ ಕೇಬಲ್ ಹಾಕಿ, ಡಬ್ಬಿಗೆ ತಾಗಿರುವ ಕಾಲನ್ನೇ ಗ್ರೌಂಡಿಗೆ ಕೊಟ್ಟೆ. ಅಲ್ಲದೆ ವಿದ್ಯುತ್ತು ಕೂಗಿದ ಕ್ಷಣಕ್ಕೇ ಬಂದುಬಿಡುತ್ತದೆ, ಶಬ್ದ ಗಾಳಿಯಲ್ಲಿ ನಡೆದು ಬರಲು 390 ಮೈಕ್ರೋಸೆಕೆಂಡು ಬೇಕು. ಹಾಗಾಗಿ 500ರಿಂದ 850 ಮೈಕ್ರೋಸೆಕೆಂಡಿನ ಕಿಟಕಿಯಲ್ಲಿ ಮಾತ್ರ ಕೇಳು ಎಂದು ಪ್ರೋಗ್ರಾಮಿನಲ್ಲಿ ಬರೆದೆ. ಕಂಬಳಿ ಓದು 15.

ಈಗ ತಗಡು ಇಟ್ಟರೆ 700. ಎತ್ತಿ ಮತ್ತೆ ಇಟ್ಟರೆ 1300. ಬೆರಳಗಲ ಸರಿಸಿದರೆ 950. ಇದೇನಪ್ಪಾ ಎಂದು ಆಸಿಲೋಸ್ಕೋಪಿನಲ್ಲಿ ನೋಡಿದರೆ, ನಾನು ಪ್ರತಿ 5 ಮಿಲಿಸೆಕೆಂಡಿಗೆ ಕೂಗಿಸುತ್ತಿದ್ದೆ, ಹಿಂದಿನ ಕೂಗು ತಗಡಿನಲ್ಲಿ ಇನ್ನೂ ಮೊಳಗುತ್ತಲೇ ಇತ್ತು. ತಗಡಿಗೆ ಹತ್ತಿದ ಬಾಗಲೆ ಅಷ್ಟು ಸುಲಭವಾಗಿ ಗಾಳಿಗೆ ಇಳಿಯುವುದಿಲ್ಲ, ಹತ್ತಲು ಎಷ್ಟು ಕಷ್ಟವೋ ಇಳಿಯಲೂ ಅಷ್ಟೇ. ಅಂಚಿನಿಂದ ಅಂಚಿಗೆ ಬಡಿದುಕೊಂಡು ಓಡಾಡುತ್ತಲೇ ಇರುತ್ತದೆ, ಜಾಗಟೆ ಬಡಿದು ಬಿಟ್ಟ ಹಾಗೆ. ಕೂಗುಗಳ ನಡುವೆ 50 ಮಿಲಿಸೆಕೆಂಡು ಬಿಡುವು ಕೊಟ್ಟೆ. ಆದರೂ ಅರ್ಧ ತೊಂದರೆ ಉಳಿಯಿತು, ಕಾರಣ ನನ್ನ ಪುಟ್ಟ ತುಂಡು. ಅಲೆಯ ಗುಂಪು ತಗಡಿನಲ್ಲಿ ಸೆಕೆಂಡಿಗೆ ಸುಮಾರು 1200 ಮೀಟರ್ ಓಡುತ್ತದೆ, 150 ಮಿ.ಮೀ. ದೂರದ ಅಂಚಿಗೆ ಹೋಗಿ ಬರಲು 250 ಮೈಕ್ರೋಸೆಕೆಂಡು ಸಾಕು, ಅಂದರೆ ಮಾರ್ದನಿ ನನ್ನ ಕಿಟಕಿಯೊಳಗೇ ಬಂದು ಬೀಳುತ್ತಿತ್ತು. ಭಾವನ ಶೆಡ್ಡಿನ ತಗಡು 600ಕ್ಕೆ 400. ಅದರಲ್ಲಿ ಮಾರ್ದನಿ ಬರುವ ಹೊತ್ತಿಗೆ ಕಿಟಕಿ ಮುಚ್ಚಿರುತ್ತದೆ, ಗಾಳಿಯಲ್ಲಿ ಅಂಚು ಬಳಸಿ ಬರುವ ಸದ್ದಂತೂ ಇನ್ನೂ ತಡ. ಚಿಕ್ಕ ತುಂಡಿನಲ್ಲಿ ಒಂದು ವಾರ ಒದ್ದಾಡಿದ್ದು ದಂಡ. ಕೆಲಸಕ್ಕೆ ಬರುವ ಅಳತೆಯ ತಗಡನ್ನೇ ಮೊದಲ ದಿನ ತಂದಿದ್ದರೆ ಆಗುತ್ತಿತ್ತು. ಆದರೆ ಮನೆಯಲ್ಲಿ ಊಟದ ಮೇಜಿನ ಮೇಲೆ ಎಣ್ಣೆ ತಗಡು ಇಡುವ ಧೈರ್ಯ ಯಾರಿಗಿದೆ?

ದೊಡ್ಡ ತಗಡಿನಲ್ಲಿ ಎಲ್ಲ ನೆಟ್ಟಗಾಯಿತು. ಒಂದು ಸಂಗತಿ ಮಾತ್ರ ಬರೆದಿಡಬೇಕು: ಆರ್ ಅನ್ನು ಟಿಯ ನೇರ ಎದುರಿಗಿಂತ 40 ಮಿ.ಮೀ. ಮುಂದಕ್ಕೆ, ಅಲೆ ಓಡುವ ದಿಕ್ಕಿಗೆ ಸರಿಸಿದಾಗ ಓದು ಹೆಚ್ಚು ಸ್ಥಿರವಾಯಿತು. ಅಲೆ ತಗಡಿನೊಳಗೆ ನಡೆಯುತ್ತಾ ದಾರಿಯುದ್ದಕ್ಕೂ ಚೂರುಚೂರೇ ಸೋರುತ್ತದೆ, ಹಾಗಾಗಿ ಮುಂದೆ ಕೂತು ಕೇಳುವುದೇ ವಾಸಿ. ಕೋನ 5 ಡಿಗ್ರಿ ಆಚೀಚೆ ಆದರೂ ದೊಡ್ಡ ವ್ಯತ್ಯಾಸವಿಲ್ಲ. ಈ ಪುಟ್ಟ ಸೆನ್ಸರಿನ ಶಬ್ದ ಅಗಲಕ್ಕೆ ಹರಡುತ್ತದೆ, ತನಗೆ ಬೇಕಾದ ಓರೆಯನ್ನು ತಗಡೇ ಆರಿಸಿಕೊಳ್ಳುತ್ತದೆ. ನೇರಕ್ಕೆ ನಿಲ್ಲಿಸಿದರೆ ಮಾತ್ರ ಐದರಲ್ಲಿ ಒಂದು ಭಾಗಕ್ಕೆ ಕುಸಿಯಿತು.

ಒಂದು ಸಿಆರ್ ತಗಡು: 1050ರಿಂದ 1250. ಒಣಗಿದ ಎರಡು ತಗಡು: 50ರಿಂದ 90. ನಡುವಿನ ಕೂದಲೆಳೆಯಷ್ಟು ಗಾಳಿಯೇ ಅಲೆಯನ್ನು ಇಪ್ಪತ್ತರಲ್ಲೊಂದು ಮಾಡಿಬಿಟ್ಟಿತು. ಇಷ್ಟು ದೊಡ್ಡ ಅಂತರ ನೋಡಿ, ಕೆಲಸ ಮುಗಿಯಿತು ಎಂದುಕೊಂಡು ಪೆಟ್ಟಿಗೆಯನ್ನು ಪೀಣ್ಯಕ್ಕೆ ಹೊತ್ತೊಯ್ದೆ.

ಮೇಸ್ತ್ರಿ ರಾಶಿಯಿಂದ ಕಚ್ಚಿಕೊಂಡ ಒಂದು ಜೋಡಿಯನ್ನೇ ಹುಡುಕಿ ತಂದರು. ಎಣ್ಣೆ ಸೋರುತ್ತಿತ್ತು. ಓದು 560.

ನನ್ನ ಲೆಕ್ಕದ ಪ್ರಕಾರ ಹೀಗಾಗಬಾರದಿತ್ತು. ಎಣ್ಣೆಯಿಂದ ಅಂಟಿದರೆ ಅದು 2 ಮಿ.ಮೀ.ಯ ಒಂದೇ ತಗಡಿನಂತಾಗಿ, ಅದರ ಕೋನ 25ಕ್ಕೆ ಇಳಿದು, 35ರಲ್ಲಿ ನಿಂತ ನನ್ನ ಸೆನ್ಸರಿಗೆ ಏನೂ ಕೇಳಬಾರದು ಎಂದು ನಾನು ಎಣಿಸಿದ್ದೆ. ರಾತ್ರಿ ಮಲಗಿದಾಗ ಹೊಳೆಯಿತು. ದಪ್ಪ ಪುಸ್ತಕವನ್ನು ಬಾಗಿಸಿ ನೋಡಿ: ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಪುಸ್ತಕ ಸಲೀಸಾಗಿ ಬಾಗುತ್ತದೆ. ಅಂಟು ಹಾಕಿ ಒಣಗಿಸಿದ್ದರೆ ಅದು ಹಲಗೆ. ಎಣ್ಣೆ ಅಂಟಲ್ಲ. ಮೇಲೆ ಕೆಳಗೆ ಒತ್ತಿದರೆ ಎರಡು ತಗಡನ್ನೂ ಒಟ್ಟಿಗೆ ಹಿಡಿಯುತ್ತದೆ, ಪಕ್ಕಕ್ಕೆ ಮಾತ್ರ ಜಾರಲು ಬಿಡುತ್ತದೆ. ಹೀಗೆ ಜಾರುವ ಜೋಡಿಯ ಬಿಗಿ ಒಂದು ತಗಡಿನ ಎರಡರಷ್ಟು, ತೂಕವೂ ಎರಡರಷ್ಟು. ಭಾಗಿಸಿದರೆ ಬಾಗಲೆಯ ವೇಗ ಹಾಗೇ ಉಳಿಯುತ್ತದೆ, ಕೋನವೂ ಹಾಗೇ. ಅಲ್ಯೂಮಿನಿಯಂನಲ್ಲಿ ನನಗೆ ಅದೃಷ್ಟವಾಗಿ ಕಂಡ ಲೆಕ್ಕವೇ ಇಲ್ಲಿ ತಿರುಗಿ ಕಚ್ಚಿತ್ತು. ತೂಕ ಎರಡರಷ್ಟಾದ್ದರಿಂದ ಅಲೆ ಹತ್ತುವುದು ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. 1150ರ ಅರ್ಧ 575. ಓದು ಸರಿಯಾಗೇ ಇತ್ತು, ತಪ್ಪಿದ್ದು ನನ್ನ ಎಣಿಕೆ.

ಅರ್ಧ ಅಂದರೆ ಸಾಕಲ್ಲವೇ, 800ಕ್ಕೆ ಗೆರೆ ಹಾಕಿದರಾಯಿತು ಎನ್ನಬಹುದು. ಮೇಜಿನ ಮೇಲೆ ಆಗುತ್ತದೆ. ಶೆಡ್ಡಿನಲ್ಲಿ ತಗಡು ಸ್ವಲ್ಪ ಡೊಂಕಾಗಿದ್ದರೆ, ಓಲಾಡುತ್ತಾ ಬಂದರೆ, ಒಂಟಿ ತಗಡೇ 750ಕ್ಕೆ ಇಳಿಯುವುದನ್ನು ಕಂಡೆ. ಗಂಟೆಗೆ ನಾಲ್ಕು ಸಲ ಸುಮ್ಮಸುಮ್ಮನೆ ಕೆಂಪು ದೀಪ ಹತ್ತಿದರೆ ಐದನೇ ಸಲ ಹುಡುಗರು ವೈರನ್ನೇ ಕಿತ್ತಿಡುತ್ತಾರೆ. ಅವರದ್ದೇನೂ ತಪ್ಪಿಲ್ಲ.

ತಗಡಿನ ಮೊಳಗನ್ನು ಅಳೆದು ನೋಡಿದೆ, ಎಣ್ಣೆಯ ಜೋಡಿಯಲ್ಲಿ ಬೇಗ ಆರಬೇಕು ಎಂದು. ಟೇಬಲ್ಲಿನ ರಬ್ಬರ್ ರೋಲರುಗಳೇ ಮೊಳಗನ್ನೆಲ್ಲ ನುಂಗಿಹಾಕಿದವು. ಕೈಬಿಟ್ಟೆ. ಇಪ್ಪತ್ತು ಒಳ್ಳೆಯ ತಗಡುಗಳ ನಡುವಿನ ಬೆಲೆಯನ್ನು ನೆನಪಿಟ್ಟುಕೊಂಡು, ಅದಕ್ಕೆ ಹೋಲಿಸಿ ಗೆರೆ ತಾನೇ ಸರಿಯುವಂತೆ ಮಾಡಿದೆ. ಸ್ವಲ್ಪ ಸುಧಾರಿಸಿತು.

ಕೊನೆಗೆ ದಾರಿ ತೋರಿಸಿದವರು ಮೇಸ್ತ್ರಿ. ನಾನು ಎಣ್ಣೆ, ಗಾಳಿ ಎಂದು ವಿವರಿಸುತ್ತಿದ್ದದ್ದನ್ನು ಕೇಳಿ, "ಒಣಗಿದ್ರೆ ನಿಮ್ ಮಿಷನ್‌ಗೆ ಗೊತ್ತಾಗುತ್ತೆ ಅಂತೀರಿ. ಹಂಗಾದ್ರೆ ಒಳಗೆ ಒಂಚೂರು ಗಾಳಿ ಹೋಗೋ ಹಂಗೆ ಮಾಡಿ. ಅಂಟ್ಕೊಂಡ ಹಪ್ಪಳ ಹೆಂಗೆ ಬಿಡಿಸ್ತಾರೆ? ಬಗ್ಗಿಸ್ತಾರೆ ತಾನೆ?" ಎಂದರು. ಟೇಬಲ್ಲಿನ ಮೇಲೆ, ಸೆನ್ಸರಿಗೆ ಒಂದಡಿ ಮುಂಚೆ, 8 ಮಿ.ಮೀ.ಯ ಎಸ್‌ಎಸ್ ರಾಡನ್ನು ಅಡ್ಡಲಾಗಿ ಕೂರಿಸಿದೆವು. ತಗಡು ಅದರ ಮೇಲೆ ಹತ್ತಿ ಇಳಿಯುವಾಗ ಬಾಗುತ್ತದೆ. ಜೊತೆಗೆ ಹುಡುಗರಿಗೆ ತಗಡನ್ನು ಮೂಲೆ ಮೊದಲು ಎತ್ತಿ ಆಮೇಲೆ ಎಳೆಯಲು ಹೇಳಿದರು. ಬಾಗಿದಾಗ ಎರಡು ತಗಡುಗಳ ಅಂಚು ಬಾಯಿ ಬಿಟ್ಟು ಗಾಳಿ ಒಳಗೆ ನುಗ್ಗುತ್ತದೆ, ಎಣ್ಣೆಯ ಪೊರೆ ಅಲ್ಲಲ್ಲಿ ಹರಿಯುತ್ತದೆ. ಕಚ್ಚಿಕೊಂಡ ಜೋಡಿಯ ಓದು 560ರಿಂದ 150-300ಕ್ಕೆ ಬಂತು. ಒಂಟಿ ತಗಡಿನ ಓದಿಗೆ ಏನೂ ಆಗಲಿಲ್ಲ. ಮೂರು ವಾರದ ಪ್ರೋಗ್ರಾಮಿಂಗ್ ಮಾಡಲಾಗದ್ದನ್ನು ಸ್ಕ್ರ್ಯಾಪ್ ಬಿನ್ನಿನ ಒಂದು ರಾಡು ಮಾಡಿತು.

ಶೆಡ್ಡಿಗೆ ಬಂದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಪಕ್ಕದ ಪ್ರೆಸ್ಸಿನಲ್ಲಿ ಪೀಸ್ ಹೊರಗೆ ತಳ್ಳಲು ಏರ್ ಗನ್ ಊದುತ್ತಾರೆ. ಆ ಬುಸ್ ಸದ್ದಿನಲ್ಲಿ ನಮ್ಮ ಕಿವಿಗೆ ಕೇಳದ ಎತ್ತರದ ಸ್ವರಗಳೂ ಧಾರಾಳವಾಗಿವೆ. ಗಾಳಿ ಪೈಪಿನ ಸೋರಿಕೆ ಹುಡುಕುವ ಉಪಕರಣಗಳು ಕೇಳುವುದೂ ಇದೇ 40 ಕಿಲೋಹರ್ಟ್ಸ್ ಸುತ್ತಮುತ್ತ. ಏರ್ ಗನ್ ಊದಿದಾಗ ಎರಡು ತಗಡಿದ್ದರೂ ಓದು 1500 ತೋರಿಸುತ್ತಿತ್ತು, ಅಂದರೆ ಜೋಡಿಯನ್ನು ಒಂಟಿ ಎಂದು ಪಾಸು ಮಾಡುವಂಥ ಅಪಾಯದ ತಪ್ಪು. ಆರ್‌ನ ಸುತ್ತ ಫೋಮ್ ಕೊಳವೆ ಹಾಕಿದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸಲ ಕೂಗುವ ಮುಂಚೆ ಒಂದು ಕ್ಷಣ ಸುಮ್ಮನೆ ಕೇಳಿಸಿಕೊಂಡು, ಆಗಲೂ ಸದ್ದು 60ಕ್ಕಿಂತ ಹೆಚ್ಚಿದ್ದರೆ ಅಳೆಯದೆ ಕಾಯುವಂತೆ ಮಾಡಿದೆ. ಎಂಟು ಕೂಗಿನ ಸರಾಸರಿ, ಒಟ್ಟು ಅರ್ಧ ಸೆಕೆಂಡಿಗೂ ಕಡಿಮೆ. ತಗಡು ಸ್ಟಾಪರಿಗೆ ಬಂದು ತಾಗಿದಾಗ ಲಿಮಿಟ್ ಸ್ವಿಚ್ ಅಳತೆ ಶುರುಮಾಡುತ್ತದೆ.

ಪೆಟ್ಟಿಗೆಯಿಂದ ಪ್ರೆಸ್ಸಿಗೆ ಹೋಗುವ ಸ್ವಿಚ್ಚು, ಅಂದರೆ ರಿಲೇ, ಮಾಡುವುದು ಒಂದೇ ಕೆಲಸ: ಅಳತೆ ಸರಿಯಿದ್ದರೆ ಮಾತ್ರ ಸ್ಟ್ರೋಕ್ ಶುರುವಾಗುವ ದಾರಿಯನ್ನು ಕೂಡಿಸುತ್ತದೆ. ಪೆಟ್ಟಿಗೆಗೆ ಕರೆಂಟ್ ಹೋದರೆ ಪ್ರೆಸ್ಸೂ ನಿಲ್ಲುತ್ತದೆ. ಎರಡು ಕೈ ಬಟನ್, ಗಾರ್ಡ್, ಇವುಗಳ ವೈರಿಂಗನ್ನು ನಾನು ಮುಟ್ಟಿಲ್ಲ, ಮುಟ್ಟಲೂಬಾರದು. ಇದು ಡೈ (ಅಚ್ಚು) ಕಾಯುವ ಪೆಟ್ಟಿಗೆ, ಕೈ ಕಾಯುವುದಲ್ಲ. ಯಾರಾದರೂ ಕಟ್ಟುವುದಾದರೆ ಎಲೆಕ್ಟ್ರಿಷಿಯನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕಟ್ಟಿ.

ಮಧ್ಯೆ ಒಂದು ಭಾನುವಾರ ಆಸೆಯಾಗಿ ಎರಡು ಸೆನ್ಸರನ್ನೂ ತಗಡಿನ ಒಂದೇ ಕಡೆಗೆ ಇಟ್ಟು, ನಡುವೆ ಫೋಮ್ ಗೋಡೆ ನಿಲ್ಲಿಸಿ, ಬಿರುಕು ಹುಡುಕಲು ನೋಡಿದೆ. ಅಲೆಯ ದಾರಿಗೆ ಅಡ್ಡಲಾಗಿ ಹ್ಯಾಕ್ಸಾದಿಂದ 30 ಮಿ.ಮೀ. ಸೀಳಿದಾಗ ಓದು ಮೂರರಲ್ಲೊಂದಾಯಿತು. ಅದೇ ಸೀಳು ದಾರಿಯುದ್ದಕ್ಕೆ ಇದ್ದರೆ ಗೊತ್ತೇ ಆಗುವುದಿಲ್ಲ. 5 ಮಿ.ಮೀ. ತೂತೂ ಅಷ್ಟೇ. ಅಲೆಯ ಉದ್ದವೇ 15 ಮಿ.ಮೀ. ಇರುವಾಗ ಸಣ್ಣ ದೋಷ ಕಾಣಬೇಕೆಂದರೆ ಹೇಗೆ? ಅದಕ್ಕೆ ನೂರಾರು ಕಿಲೋಹರ್ಟ್ಸ್‌ನ ದುಬಾರಿ ಸೆನ್ಸರ್ ಬೇಕು, ಇಲ್ಲವೇ ಅಯಸ್ಕಾಂತ ಮತ್ತು ಸುರುಳಿಯಿಂದ ತಗಡಿನೊಳಗೇ ಶಬ್ದ ಹುಟ್ಟಿಸುವ ಬೇರೆಯೇ ವಿಧಾನ. ಫೋಮ್ ಗೋಡೆಯನ್ನು ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಪೆಟ್ಟಿಗೆ ಸಿಆರ್ ಮೇಲೆ ಎರಡು ವಾರ ಚೆನ್ನಾಗಿ ನಡೆಯಿತು. ಮೂರು ಜೋಡಿ ಹಿಡಿಯಿತು. ಭಾವ ಬಂದವರಿಗೆಲ್ಲ ತೋರಿಸಲು ಶುರುಮಾಡಿದರು. ಆಮೇಲೆ ಒಂದು ಬೆಳಿಗ್ಗೆ ಅಲ್ಯೂಮಿನಿಯಂ ಬಂತು.

ಮೇಸ್ತ್ರಿಗೆ ಒಂದು ಅಭ್ಯಾಸ. ತಗಡಿನ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಇನ್ನೊಂದು ಕೈಯ ಉಗುರಿನಿಂದ ಚಿಮ್ಮುತ್ತಾರೆ. ಒಂದಿದ್ದರೆ ಟಿಂಗ್, ಎರಡಿದ್ದರೆ ಟಪ್. ಮೂವತ್ತು ವರ್ಷದಿಂದ ಹೀಗೇ. ಪೆಟ್ಟಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅವತ್ತು ಹಸಿರು ದೀಪ ಹತ್ತಿದ ತಗಡನ್ನು ಹುಡುಗ ಒಳಗೆ ತಳ್ಳುವ ಮುಂಚೆ ಇವರು ಕೈ ಅಡ್ಡ ಹಿಡಿದು, ಮೂಲೆ ಎತ್ತಿ ಚಿಮ್ಮಿದರು. ಟಪ್. ಬಿಡಿಸಿ ನೋಡಿದರೆ ಎರಡು. ನನಗೆ ಫೋನ್ ಬಂತು.

ಅಲ್ಯೂಮಿನಿಯಂಗೆ ಕೋನ ಉಕ್ಕಿನದೇ, ನಿಜ. ಆದರೆ ತೂಕ ಮೂರನೇ ಒಂದು, ಹಾಗಾಗಿ ಶಬ್ದ ಮೂರು ಪಟ್ಟು ಹೆಚ್ಚು ಹಾಯುತ್ತದೆ. ಒಂಟಿ ಅಲ್ಯೂಮಿನಿಯಂ ತಗಡಿನ ಓದು 3300. ಅವತ್ತು ಹೊಸ ಲಾಟು, ಎಣ್ಣೆ ಜಾಸ್ತಿ, ರಾಡಿನ ಮೇಲೆ ಹತ್ತಿ ಇಳಿದರೂ ಜೋಡಿ ಪೂರ್ತಿ ಬಾಯಿ ಬಿಟ್ಟಿರಲಿಲ್ಲ: 1400. ಸಿಆರ್‌ನ ಗೆರೆಯಲ್ಲೇ ನಿಂತಿದ್ದ ನನ್ನ ಪೆಟ್ಟಿಗೆಗೆ ಅದು ಒಳ್ಳೆಯ ಒಂಟಿ ತಗಡು. ಮೂರಕ್ಕೂ ಒಂದೇ ಬ್ರಾಕೆಟ್ಟು ಎಂಬ ಹುರುಪಿನಲ್ಲಿ ಮೂರಕ್ಕೂ ಒಂದೇ ಗೆರೆ ಸಾಲದು ಎನ್ನುವುದು ಮರೆತೇಹೋಗಿತ್ತು.

ಈಗ ಮುಂಭಾಗದಲ್ಲಿ ಮೂರು ಗುರುತಿನ ಒಂದು ತಿರುಗುಗುಂಡಿ ಇದೆ. ಮೇಲಿನ ಮಿತಿಯನ್ನೂ ಸೇರಿಸಿದ್ದೇನೆ. ಸಿಆರ್‌ನಲ್ಲಿ ಇಟ್ಟು ಅಲ್ಯೂಮಿನಿಯಂ ತೂರಿಸಿದರೆ ಓದು ವಿಪರೀತ ಹೆಚ್ಚಾಯಿತೆಂದು ಹಳದಿ ದೀಪ ಮಿಣುಕಿ ಪ್ರೆಸ್ ನಿಲ್ಲುತ್ತದೆ. ಗುಂಡಿಯ ಪಕ್ಕ ಮೇಸ್ತ್ರಿ ಪೇಂಟ್ ಮಾರ್ಕರಿನಲ್ಲಿ ಸಿಆರ್, ಎಸ್‌ಎಸ್, ಅಲ್ಮಿ ಎಂದು ಬರೆದಿದ್ದಾರೆ. ಉಗುರಿನಿಂದ ಚಿಮ್ಮುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ, ಬಿಡಿ ಎಂದು ನಾನೂ ಹೇಳಿಲ್ಲ.